‘ಸೆನ್ಸರ್ ಹೋಗ್ಯಾದ’ ಅನ್ನುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ... ಯಾವ ಊರಿನ ಗ್ಯಾರೇಜಿನಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಪ್ರೆಶರ್ ಸೆನ್ಸರ್ ಹೋಗ್ಯಾದ ರೀ, ಈ ಧೂಳಿನಾಗ ಮತ್ತೇನಾಗ್ತದ.’ ಗಾಡಿಗೆ ಪಿಕಪ್ ಇಲ್ಲ, ಇಂಜಿನ್ ದೀಪ ಹತ್ತಿದೆ, ಸ್ಕ್ಯಾನರಿನಲ್ಲಿ ಬಂದ ಕೋಡಿನ ಪಕ್ಕ ಸೆನ್ಸರಿನ ಹೆಸರೂ ಇದೆ. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಫರಸಿ ಕಲ್ಲಿನ ಪಾಲಿಶ್ ಯಂತ್ರಗಳ ನಡುವೆ ಬದುಕುವ ನಮಗೆ ಇದನ್ನು ನಂಬಲು ಕಷ್ಟವೇನಿಲ್ಲ. ಆದರೂ ಮಿಸ್ತ್ರಿಗಳ ಅನುಭವದ ಮೇಲಿನ ಗೌರವ ಇಟ್ಟುಕೊಂಡೇ ತಕರಾರು ಎತ್ತುತ್ತೇನೆ. ಇಂಥ ಬಹಳಷ್ಟು ಸಂದರ್ಭಗಳಲ್ಲಿ ಆ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ.

ಮೊದಲು ಧೂಳಿನ ವಿಷಯ. ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೂತಿರುವುದು ಏರ್ ಫಿಲ್ಟರಿನ ಆಚೆ, ಇಂಜಿನ್ನಿನ ಕಡೆ. ಫಿಲ್ಟರ್ ಸರಿಯಾಗಿ ಕೂತಿದ್ದರೆ ರಸ್ತೆಯ ಧೂಳು ಅಲ್ಲಿಗೆ ತಲುಪುವುದು ಕಡಿಮೆ. ಸೆನ್ಸರಿನ ತೂತಿನಲ್ಲಿ ಕಾಣುವ ಕರಿ ಜಿಡ್ಡು ಇಂಜಿನ್ನಿನದೇ ಎಣ್ಣೆಯ ಆವಿ ಮತ್ತು ಮಸಿ. ಧೂಳು ಕಟ್ಟುವುದು ಫಿಲ್ಟರನ್ನು. ಟರ್ಬೊ ಡೀಸೆಲ್ ಗಾಡಿಯಲ್ಲಿ ಹಾಗಾದಾಗ ಗಾಳಿ ಸಾಲದೆ ಒತ್ತಡ ಏರುವುದಿಲ್ಲ; ‘ಒತ್ತಡ ಕಡಿಮೆ’ ಎಂದು ಸೆನ್ಸರ್ ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಬಿಸಿಲಿಗೆ ಬಿರಿದ ರಬ್ಬರ್ ಪೈಪಿನ ಕಥೆಯೂ ಇದೇ. ಹೊಸ ಸೆನ್ಸರ್ ಹಾಕಿದರೆ ಅದೂ ಅದನ್ನೇ ಹೇಳುತ್ತದೆ.

ಇನ್ನು ಕೋಡ್. ಪಿ 0107 ಅಂದರೆ ಸಿಗ್ನಲಿನ ವೋಲ್ಟೇಜ್ ಮಿತಿಗಿಂತ ಕೆಳಗಿದೆ, ಪಿ 0108 ಅಂದರೆ ಮೇಲಿದೆ. ಪಿ 0106 ಬಂದರೆ ವೋಲ್ಟೇಜ್ ಮಿತಿಯೊಳಗೇ ಇದೆ, ಆದರೆ ಇಂಜಿನ್ನಿನ ವೇಗಕ್ಕೂ ಆಕ್ಸಿಲರೇಟರಿಗೂ ತಾಳೆಯಾಗುತ್ತಿಲ್ಲ. ‘ಸೆನ್ಸರ್ ಸತ್ತಿದೆ’ ಎಂದು ಈ ಮೂರರಲ್ಲಿ ಒಂದೂ ಹೇಳುವುದಿಲ್ಲ. ಸಾಮಾನ್ಯವಾಗಿ ಸೆನ್ಸರಿಗೆ ಮೂರು ವೈರು: 5 ವೋಲ್ಟ್, ಅರ್ತ್, ಸಿಗ್ನಲ್. ಆ 5 ವೋಲ್ಟನ್ನು ಎಷ್ಟೋ ಗಾಡಿಗಳಲ್ಲಿ ಬೇರೆ ಸೆನ್ಸರುಗಳೂ ಹಂಚಿಕೊಂಡಿರುತ್ತವೆ. ಒಂದು ಶಾರ್ಟ್ ಆದರೆ ಎಲ್ಲದರ ಮೇಲೂ ದೂರು ಬರುತ್ತದೆ. ಆಗ ಎಲ್ಲವನ್ನೂ ಬದಲಿಸುವ ಬದಲು ಒಂದೊಂದೇ ಪ್ಲಗ್ ಕೀಳುತ್ತ ಮೀಟರ್ ನೋಡಬೇಕು. ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳಿತೋ ಅಲ್ಲಿದೆ ದೋಷ. ಯಾವುದಕ್ಕೂ ಮರಳದಿದ್ದರೆ ವೈರು ಹುಡುಕಬೇಕು. ತೊಗರಿ ರಾಶಿಯ ಕಾಲದಲ್ಲಿ ಹೊಲದ ಬದಿ ನಿಂತ ಗಾಡಿಯಾದರೆ ಇಲಿ ಕಡಿದ ಗುರುತನ್ನು ಮೊದಲು ನೋಡುವುದು ಒಳ್ಳೆಯದು.

ಸೆನ್ಸರನ್ನೇ ಪರೀಕ್ಷಿಸುವುದೂ ಕಷ್ಟವಲ್ಲ. ಕೀ ಆನ್ ಮಾಡಿ, ಇಂಜಿನ್ ಚಾಲೂ ಮಾಡದೆ ಸ್ಕ್ಯಾನರಿನಲ್ಲಿ ಒತ್ತಡ ನೋಡಿ. ಹೊರಗಿನ ಗಾಳಿಯ ಒತ್ತಡ ಎಷ್ಟಿದೆಯೋ ಅಷ್ಟೇ ಬರಬೇಕು. ಆದರೆ ಇಲ್ಲೊಂದು ಮೋಸವಿದೆ. ಪುಸ್ತಕದಲ್ಲಿರುವ 101 ಕಿಲೋಪಾಸ್ಕಲ್ ಸಮುದ್ರಮಟ್ಟದ ಲೆಕ್ಕ. ನಮ್ಮ ಊರುಗಳು ಅಲ್ಲಿಂದ ಸುಮಾರು 400ರಿಂದ 450 ಮೀಟರ್ ಎತ್ತರದಲ್ಲಿವೆ. ಇಲ್ಲಿ 96ರ ಆಸುಪಾಸು ಬಂದರೆ ಸರಿ. ಬೆಂಗಳೂರಿನಲ್ಲಿ 91ರಷ್ಟಕ್ಕೆ ಇಳಿಯುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ನೋಡಿ ತಾಳೆ ಹಾಕಿದರೂ ಎಡವಟ್ಟೇ, ಏಕೆಂದರೆ ಅದು ತೋರಿಸುವ 1008 ಮಿಲಿಬಾರಿನಂಥ ಅಂಕಿಯನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಸರಿಹೊಂದಿಸಿರುತ್ತಾರೆ. ಇದು ಗೊತ್ತಿಲ್ಲದಿದ್ದರೆ ನೆಟ್ಟಗಿರುವ ಸೆನ್ಸರ್ ಐದು ಕಿಲೋಪಾಸ್ಕಲ್ ಕಡಿಮೆ ತೋರಿಸಿದ ತಪ್ಪಿಗೆ ಡಬ್ಬಿಗೆ ಬೀಳುತ್ತದೆ. ಪಕ್ಕದಲ್ಲಿ ನಿಂತ ಇನ್ನೊಂದು ಒಳ್ಳೆ ಗಾಡಿಯ ಅಂಕಿಯೇ ನಂಬಿಕಸ್ತ ಅಳತೆಗೋಲು. ಆಮೇಲೆ ಕೈಪಂಪಿನಿಂದ ಗಾಳಿ ಎಳೆದಾಗ ಅಂಕಿ ತಡವಿಲ್ಲದೆ ಇಳಿಯಬೇಕು. ಅಲ್ಲಿ ತಡವರಿಸಿದರೆ, ಆಗ ಬದಲಿಸಿ, ನನ್ನ ಅಭ್ಯಂತರವಿಲ್ಲ.

ಹಾಗಾದರೆ ಇಷ್ಟು ಸುಲಭದ ಕೆಲಸ ಯಾಕೆ ಆಗುವುದಿಲ್ಲ? ಮಿಸ್ತ್ರಿಗೆ ಬರುವುದಿಲ್ಲ ಎನ್ನುವುದು ಅನ್ಯಾಯ. ಅರ್ಧ ದಿನ ಹುಡುಕಿ ಬಿರಿದ ಪೈಪಿಗೆ ಒಂದು ಕ್ಲಿಪ್ ಹಾಕಿ ಕೊಟ್ಟರೆ ನಾವು ಏನನ್ನುತ್ತೇವೆ? ‘ಇಷ್ಟಕ್ಕ ಇಷ್ಟು ರೊಕ್ಕ ಏನೋ ಅಣ್ಣಾ?’ ಅದೇ ಹೊಸ ಸೆನ್ಸರಿನ ಡಬ್ಬಿ ಕೈಗಿಟ್ಟರೆ ಬಿಲ್ ನೋಡಿ ಸುಮ್ಮನೆ ಎಣಿಸಿ ಕೊಡುತ್ತೇವೆ. ಡಾಕ್ಟರಿಗೆ ಗುಳಿಗೆ ಇಲ್ಲದೆಯೂ ಫೀಸು ಕೊಡುವವರು ನಾವೇ. ಹುಡುಕಾಟಕ್ಕೆ ಬೆಲೆ ಇಲ್ಲದ ಕಡೆ ಸಾಮಾನು ಬದಲಿಸುವುದೇ ಕಸುಬಾದರೆ ಆಶ್ಚರ್ಯವೇನು? ‘ಸೆನ್ಸರ್ ಇಲ್ಲದ ಹಳೇ ಗಾಡಿಗಳೇ ಚೆಂದ ಇದ್ದವು’ ಎನ್ನುವ ಹಿರಿಯರಿಗೂ ಒಂದು ಮಾತು: ಆಗಲೂ ಪೈಪು ಬಿರಿಯುತ್ತಿತ್ತು, ಹೇಳುವವರು ಇರಲಿಲ್ಲ ಅಷ್ಟೆ.

2020ರ ಏಪ್ರಿಲ್ 1ರ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆ ಕೊಳವೆಯ ಫಿಲ್ಟರಿಗೂ ಒಂದು ಪ್ರೆಶರ್ ಸೆನ್ಸರ್ ಇರುತ್ತದೆ. ವಾಡಿ, ಶಹಾಬಾದಿನಂಥ ಹತ್ತಿರದ ಓಡಾಟದಲ್ಲಿ ಆ ಫಿಲ್ಟರ್ ಮಸಿ ಸುಡುವಷ್ಟು ಕಾಯುವುದೇ ಇಲ್ಲ. ದೀಪ ಹತ್ತುತ್ತದೆ, ಬೈಗುಳ ಸೆನ್ಸರಿಗೆ. ಇಂಜಿನ್ ನಿಂತಾಗ ಅದರ ಅಂಕಿ ಸೊನ್ನೆಯ ಹತ್ತಿರ ಇದ್ದರೆ ಮೊದಲು ಮಸಿಯನ್ನೂ ಅದರ ಎರಡು ಸಣ್ಣ ಕೊಳವೆಗಳನ್ನೂ ವಿಚಾರಿಸಿ.

ವಿಚಿತ್ರವೆಂದರೆ, ಆಯಿಲ್ ಪ್ರೆಶರ್ ದೀಪದ ವಿಷಯದಲ್ಲಿ ಇದೇ ‘ಸೆನ್ಸರ್ ಹೋಗ್ಯಾದ’ ಗಾಡಿ ಓಡಿಸಲು ನೆಪವಾಗುತ್ತದೆ. ‘ಊರು ಮುಟ್ಟೂತನಕ ಏನಾಗಂಗಿಲ್ಲ ಬಿಡ್ರಿ.’ ಅಲ್ಲಿ ಸೆನ್ಸರ್ ಕೆಡುವುದು, ಸೋರುವುದು ನಿಜಕ್ಕೂ ಉಂಟು. ಆದರೆ ಅದರ ಮಾತು ನಿಜವಾಗಿದ್ದರೆ ಬೇರಿಂಗುಗಳು ಕೆಲವೇ ನಿಮಿಷಗಳಲ್ಲಿ ಹೋಗಬಹುದು. ಚಿಂಚೋಳಿ ಕಾಡಿನ ದಾರಿಯಲ್ಲೇ ಹತ್ತಲಿ, ಇಂಜಿನ್ ಅಲ್ಲೇ ಬಂದ್ ಮಾಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಮಟ್ಟ ಸರಿಯಿದ್ದರೂ ಮತ್ತೆ ಚಾಲೂ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಸೆನ್ಸರ್ ಬಿಚ್ಚಿದ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿಸಿ ಒತ್ತಡ ಅಳೆಸಿ.