ಮಡ್‌ಗಾರ್ಡ್ ಯಾರಿಗೆ ಬೇಕು?

ಮಕ್ಕಳೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. ಕಾರೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದರ ಟೈರಿನ ನೆತ್ತಿ ಎಷ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ? "ಅದೂ 60" ಎನ್ನುವವರೇ ಹೆಚ್ಚು. ಸರಿಯಾದ ಉತ್ತರ 120! ಟೈರು ನೆಲವನ್ನು ಮುಟ್ಟುವ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತದೆ. ನಡುವಿನ ಅಚ್ಚು ಕಾರಿನ ಜೊತೆಗೆ 60ರಲ್ಲಿ ಸಾಗುತ್ತದೆ. ಕೆಳಗೆ ಸೊನ್ನೆ, ನಡುವೆ 60. ಹಾಗಾದರೆ ನೆತ್ತಿಯಲ್ಲಿ 120 ಆಗಲೇಬೇಕು.

ಟೈರಿಗೆ ಅಂಟಿಕೊಂಡ ಕೆಸರೋ ಸಣ್ಣ ಜಲ್ಲಿಯೋ ಹಿಡಿತ ತಪ್ಪಿದ ಕೂಡಲೇ ಗಾಲಿಯ ಜೊತೆ ಸುತ್ತಿ ಬರುವುದಿಲ್ಲ. ಬಿಟ್ಟ ಜಾಗದಿಂದ ನೇರವಾಗಿ ಹಾರುತ್ತದೆ. ಕವಣೆ ಬೀಸಿ ಹೊಲದ ಹಕ್ಕಿ ಓಡಿಸಿದ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಕಲ್ಲಿಗೆ, ಕೆಸರಿಗೆ ಅಡ್ಡ ನಿಲ್ಲುವುದೇ ಮಡ್‌ಗಾರ್ಡ್.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಹಾರೋಹಳ್ಳಿಯಲ್ಲಿ, ನಮ್ಮದೇ ಬೀದಿಯ ಹುಡುಗನೊಬ್ಬ ಸ್ವಂತ ಕೈಯಿಂದ ಕಾರು ಕಟ್ಟುತ್ತಿದ್ದಾನೆ. ವಾರವೆಲ್ಲ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಭಾನುವಾರ ಕಾರಿನ ಕೆಲಸ. ಅವರ ಮನೆಯಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಕೊಠಡಿಯೇ ಅವನ ವರ್ಕ್‌ಶಾಪು. ಚಂದ್ರಿಕೆಗಳಿದ್ದ ಜಾಗದಲ್ಲಿ ಈಗ ವೆಲ್ಡಿಂಗ್ ಯಂತ್ರ. ಹಳೆಯ ಮಾರುತಿ 800ರ ಎಂಜಿನ್ನು, ಗಾಲಿಗಳು, ತಾನೇ ಪೈಪು ಬೆಸೆದು ಮಾಡಿದ ಚಾಸಿ, ಮೇಲೆ ಚಾವಣಿಯಿಲ್ಲದ ಎರಡು ಸೀಟು. ನಾಲ್ಕು ಗಾಲಿಯ ಮೇಲೆ ಅದು ನಿಂತ ದಿನ "ಮಡ್‌ಗಾರ್ಡ್ ಯಾವಾಗಪ್ಪಾ?" ಎಂದು ಕೇಳಿದೆ. "ಬೇಡ ತಾತ, ರೇಸ್ ಕಾರಿಗೆ ಮಡ್‌ಗಾರ್ಡ್ ಎಲ್ಲಾದ್ರೂ ಇರ್ತದಾ?" ಅಂದ.

ಅವನ ಮಾತು ಸುಳ್ಳೇನಲ್ಲ. ನಮ್ಮೂರ ಹೆದ್ದಾರಿ ಹಿಡಿದು ಕನಕಪುರ, ಕೊಳ್ಳೇಗಾಲ, ಚಾಮರಾಜನಗರ ದಾಟಿ ಹೋದರೆ ಕೊಯಮತ್ತೂರು ಸಿಗುತ್ತದೆ. ಆ ಊರಿನ ಎಸ್. ಕರಿವರ್ಧನ್ 1980ರ ದಶಕದಲ್ಲಿ ಇದೇ ಮಾರುತಿ 800ರ ಎಂಜಿನ್ ಹಾಕಿ ಪುಟ್ಟ ರೇಸ್ ಕಾರುಗಳನ್ನು ಕಟ್ಟಿದರು. ನಮ್ಮ ದೇಶದ ಎಷ್ಟೋ ಹುಡುಗರು ರೇಸ್ ಕಲಿತದ್ದು ಅಂಥ ಕಾರುಗಳಲ್ಲಿ. ಅಲ್ಲಿನ ರೇಸ್ ಟ್ರ್ಯಾಕಿಗೆ ಇಂದು ಅವರದೇ ಹೆಸರಿದೆ. ಆ ಕಾರುಗಳ ಗಾಲಿಗಳು ಬೋಳು. ಆದರೆ ಟ್ರ್ಯಾಕಿನಲ್ಲಿ ಓಡಿಸುವವರೆಲ್ಲರಿಗೂ ಹೆಲ್ಮೆಟ್ ಉಂಟು, ನೋಡುವವರು ಬೇಲಿಯಾಚೆ ದೂರದಲ್ಲಿರುತ್ತಾರೆ. ಪಕ್ಕದಲ್ಲಿ ಶಾಲೆಗೆ ನಡೆದುಹೋಗುವ ಮಗು ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಕೋಲಿನ್ ಚಾಪ್‌ಮನ್ ಎಂಬ ಎಂಜಿನಿಯರು 1957ರಲ್ಲಿ ಲೋಟಸ್ ಸೆವೆನ್ ಎಂಬ ಕಾರನ್ನು ತಂದರು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅಲ್ಲಿ ಮಾರಾಟದ ತೆರಿಗೆ ಉಳಿಯುತ್ತಿತ್ತು. ಹಾಗಾಗಿ ಅದೆಷ್ಟೋ ಜನ ಅದನ್ನು ಮನೆಯ ಷೆಡ್ಡಿನಲ್ಲೇ ಕಟ್ಟಿದರು. ಅದು ರೇಸಿಗೂ ಹೋಗುತ್ತಿತ್ತು, ರಸ್ತೆಗೂ ಇಳಿಯುತ್ತಿತ್ತು. ಅದರ ಮುಂದಿನ ಗಾಲಿಗಳಿಗೆ ಸೈಕಲ್ಲಿಗಿರುವಂಥ ಕಿರಿದಾದ ಮಡ್‌ಗಾರ್ಡ್. ಈ ಚಿತ್ರ ತೋರಿಸಿದ ಮೇಲೆ ಹುಡುಗನಿಗೆ ಸ್ವಲ್ಪ ಮನಸ್ಸು ಬಂತು.

ಪೂರ್ತಿ ಮನಸ್ಸು ಬಂದದ್ದು ನನ್ನ ಕನ್ನಡಕದ ಕಥೆ ಕೇಳಿದ ಮೇಲೆ. ನಿವೃತ್ತಿಯಾದ ಹೊಸತರಲ್ಲಿ ಮೊಪೆಡ್ಡಿನಲ್ಲಿ ಕನಕಪುರದ ಕಡೆ ಹೋಗುತ್ತಿದ್ದೆ. ಮುಂದೆ ಒಂದು ಟಿಪ್ಪರು. ಹಿಂದಿನ ಗಾಲಿಯ ಮಡ್‌ಗಾರ್ಡ್ ಎಂದೋ ಉದುರಿಹೋಗಿತ್ತು. ಅಲ್ಲಿಂದ ಸಿಡಿದ ಜಲ್ಲಿಯ ಚೂರು ನನ್ನ ಎಡಗಡೆಯ ಗಾಜನ್ನು ಬಿರುಕು ಬಿಡಿಸಿತು. ಅಂದು ಕನ್ನಡಕ ಇದ್ದುದರಿಂದ ಇಂದು ಎರಡೂ ಕಣ್ಣಿನಿಂದ ಈ ಅಂಕಣ ಬರೆಯುತ್ತಿದ್ದೇನೆ. ಟಿಪ್ಪರಿನವನಿಗೆ ಇದು ಗೊತ್ತೇ ಆಗಲಿಲ್ಲ, ಅವನು ಮುಂದೆ ಹೋದ. ಮಡ್‌ಗಾರ್ಡ್ ಇಲ್ಲದಿದ್ದರೆ ಪೆಟ್ಟು ಬೀಳುವುದು ಹೆಚ್ಚಾಗಿ ಗಾಡಿಯವನಿಗಲ್ಲ, ಹಿಂದೆ ಬರುವವರಿಗೆ, ಬದಿಯಲ್ಲಿ ನಡೆಯುವವರಿಗೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಸ್ತ್ರಿನ ಕರೀತೀನಿ ತಾತ" ಅಂದ.

ಬಂದವರು ಟಿಂಕರಿಂಗ್ ಮೇಸ್ತ್ರಿಗಳು. ಅಂಬಾಸಿಡರ್, ಫಿಯಟ್ ಕಾಲದಿಂದ ತಗಡು ಬಡಿದ ಕೈ. ಮೊದಲು ಅಳತೆ. ಟೈರಿನ ನಡುವಿನಿಂದ ಹೊರ ಅಂಚಿಗೆ ಸುಮಾರು 25 ಸೆಂ.ಮೀ. ನಡುವೆ 5 ಸೆಂ.ಮೀ. ಸಂದು ಬಿಡಬೇಕು. ಅಲ್ಲಿಗೆ 30. ಪೂರ್ತಿ ಸುತ್ತಳತೆ 2 × 3.14 × 30, ಅಂದರೆ 188 ಸೆಂ.ಮೀ. ಅರ್ಧ ಸುತ್ತು ಮುಚ್ಚಲು 94 ಸೆಂ.ಮೀ. ತಗಡು ಸಾಕು. ಆ ಅರ್ಧವನ್ನೂ ನೆತ್ತಿಯ ಮೇಲೆ ಸರಿಸಮ ಹಂಚುವಂತಿಲ್ಲ, ಹಿಂಭಾಗಕ್ಕೆ ಹೆಚ್ಚು ಇಳಿಸಬೇಕು. ಏಕೆಂದರೆ ಓಡುವ ಗಾಲಿಯ ಹಿಂಬದಿ ಮೇಲಕ್ಕೆ ಏಳುತ್ತಿರುತ್ತದೆ, ಕೆಸರು ಎಗರುವುದು ಅಲ್ಲಿಂದಲೇ. ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮೊದಲು ನಮೂನೆ ಮಾಡಿದರು. ರಟ್ಟು ಸರಿಹೊಂದಿದ ಮೇಲೆ ಅದನ್ನು ಅಲ್ಯುಮಿನಿಯಂ ತಗಡಿನ ಮೇಲಿಟ್ಟು ಗೆರೆ ಎಳೆದರು.

ಇನ್ನು ಕಷ್ಟದ ಕೆಲಸ. ಒಂದು ಹಾಳೆಯನ್ನು ಕೊಳವೆಯಂತೆ ಸುತ್ತುವುದು ಸುಲಭ. ಅದೇ ಹಾಳೆಯನ್ನು ಕಿತ್ತಳೆ ಹಣ್ಣಿನ ಮೇಲೆ ಸುಕ್ಕಿಲ್ಲದೆ ಹೊದಿಸಿ ನೋಡಿ, ಆಗುವುದೇ ಇಲ್ಲ. ಮಡ್‌ಗಾರ್ಡ್ ಉದ್ದಕ್ಕೂ ಬಾಗಬೇಕು, ಅಡ್ಡಕ್ಕೂ ಬಾಗಬೇಕು. ಅದಕ್ಕೆ ತಗಡಿನ ನಡುಭಾಗ ಹಿಗ್ಗಬೇಕು, ಇಲ್ಲವೇ ಅಂಚು ಕುಗ್ಗಬೇಕು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು, ಮರದ ಕೊಡತಿಯಿಂದ ಸಣ್ಣ ಸಣ್ಣ ಏಟು ಕೊಡುತ್ತಾ ಹೋದರು. ಹಂಡೆ ಬಡಿಯುವವರ ವಿದ್ಯೆಯೂ ಇದೇ. ಹುಡುಗ ಕೊಡತಿ ಇಸಿದುಕೊಂಡು ಒಂದೇ ಜಾಗಕ್ಕೆ ಜೋರಾಗಿ ಕೊಟ್ಟ. "ಒಂದೇ ಕಡೆ ಹೊಡೀಬೇಡ ಮಗಾ, ತೆಳ್ಳಗಾಗಿ ಹರಿದೋಯ್ತದೆ" ಎಂದರು ಮೇಸ್ತ್ರಿ.

ಅಲ್ಯುಮಿನಿಯಂ ಬಡಿದಷ್ಟೂ ಗಟ್ಟಿಯಾಗುತ್ತದೆ, ಆಮೇಲೆ ಸೀಳುತ್ತದೆ. ಅದನ್ನು ಮತ್ತೆ ಮೆದು ಮಾಡಲು ಕಾಯಿಸಬೇಕು. ಆದರೆ ಅದು ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ, ಕಾವು ಹೆಚ್ಚಾದರೆ ಇದ್ದಕ್ಕಿದ್ದಂತೆ ಕರಗಿ ಬೀಳುತ್ತದೆ. ಮೇಸ್ತ್ರಿಗಳು ಬಟ್ಟೆ ಒಗೆಯುವ ಸೋಪನ್ನು ತಗಡಿನ ಮೇಲೆ ಉಜ್ಜಿ ಬೆಂಕಿ ಹಿಡಿದರು. ಸೋಪಿನ ಗೆರೆ ಕಪ್ಪಾದ ಕೂಡಲೇ ಬೆಂಕಿ ತೆಗೆದರು. ಕಾವು ಸಾಕು ಎಂದು ಸೋಪು ಹೇಳಿತು! ಕೊನೆಗೆ ತಗಡಿನ ಅಂಚನ್ನು ತಂತಿಯ ಸುತ್ತ ಮಡಚಿದರು. ಮನೆಯ ತಗಡಿನ ಬಕೆಟ್ಟಿನ ಬಾಯಿ ಮುಟ್ಟಿ ನೋಡಿ, ಅಲ್ಲೂ ಹೀಗೇ ಇದೆ. ಕೈ ಕುಯ್ಯುವುದಿಲ್ಲ, ತಗಡಿಗೆ ಬಲವೂ ಬರುತ್ತದೆ.

ಮಾಡಿದ್ದಾಯಿತು, ಕೂರಿಸುವುದು ಹೇಗೆ? ಮುಂದಿನ ಗಾಲಿ ಎಡಬಲಕ್ಕೆ ತಿರುಗುತ್ತದೆ, ಗುಂಡಿ ಸಿಕ್ಕರೆ ಮೇಲೆ ಕೆಳಗೆ ಕುಣಿಯುತ್ತದೆ. ಬಾಡಿಗೆ ಬಿಗಿದರೆ ಈ ಎಲ್ಲ ಕುಣಿತಕ್ಕೂ ಜಾಗ ಬಿಡಬೇಕು, ಮಡ್‌ಗಾರ್ಡ್ ದೊಡ್ಡದಾಗುತ್ತದೆ. ಲೋಟಸ್ ಸೆವೆನ್‌ನಂತೆ ಗಾಲಿ ಹಿಡಿದಿರುವ ಭಾಗಕ್ಕೇ ಬಿಗಿದರೆ ಗಾಲಿಯ ಜೊತೆಗೇ ತಿರುಗಿ, ಜೊತೆಗೇ ಕುಣಿಯುತ್ತದೆ, ಸಣ್ಣದಿದ್ದರೂ ನಡೆಯುತ್ತದೆ. ಆದರೆ ಆಗ ರಸ್ತೆಯ ಪ್ರತಿ ಕುಲುಕಾಟವೂ ನೇರ ಅದಕ್ಕೇ ಬೀಳುತ್ತದೆ, ನಡುವೆ ಸ್ಪ್ರಿಂಗ್ ಇಲ್ಲ. ದುರ್ಬಲ ಪಟ್ಟಿ ಹಾಕಿದರೆ ವೆಲ್ಡಿಂಗಿನ ಬಳಿ ಬಿರುಕು ಬಿಟ್ಟು, ಮಡ್‌ಗಾರ್ಡ್ ಕಳಚಿ ಗಾಲಿಗೇ ಸಿಕ್ಕಿಕೊಳ್ಳಬಹುದು. ಓಡುವಾಗ ಹಾಗಾದರೆ ಅಪಘಾತವೇ. ಅದಕ್ಕೆ ಉಕ್ಕಿನ ಕೊಳವೆಯನ್ನು ತ್ರಿಕೋನವಾಗಿ ಜೋಡಿಸಿ ಆಧಾರ ಕೊಟ್ಟರು, ತಗಡಿಗೂ ಕೊಳವೆಗೂ ನಡುವೆ ರಬ್ಬರ್ ವಾಷರ್ ಇಟ್ಟರು, ಅದುರಿದರೂ ಸಡಿಲವಾಗದ ಲಾಕ್ ನಟ್ ಹಾಕಿದರು. ಆಮೇಲೆ ಜಾಕ್ ಹಾಕಿ ಗಾಲಿಯನ್ನು ಮೇಲಕ್ಕೆತ್ತಿ, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಟೈರು, ಚಾಸಿ, ಬ್ರೇಕಿನ ಪೈಪು ಎಲ್ಲೂ ಉಜ್ಜುವುದಿಲ್ಲವೆಂದು ನೋಡಿದರು. ಬ್ರೇಕಿನ ಪೈಪಿನ ಹತ್ತಿರ ಮಾತ್ರ ಬೆರಳೂ ತೂರುತ್ತಿರಲಿಲ್ಲ. ಹುಡುಗ "ಪರವಾಗಿಲ್ಲ ಬಿಡಿ" ಅಂದರೂ ಮೇಸ್ತ್ರಿಗಳು ಬಿಡಲಿಲ್ಲ. ಆ ಆಧಾರವನ್ನು ಕತ್ತರಿಸಿ ಮತ್ತೆ ಬೆಸೆಸಿದರು.

ಎಲ್ಲ ಕಾರಿಗೂ ಲೋಹವೇ ಬೇಕೆಂದಿಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನ ಹೊರಮೈ ಪ್ಲಾಸ್ಟಿಕ್ಕಿನದು. ಆದರೆ ಪ್ಲಾಸ್ಟಿಕ್ಕಿಗೆ ಅಚ್ಚು ಬೇಕು. ಒಂದೇ ಕಾರಿಗೆ ಅಷ್ಟೆಲ್ಲ ಖರ್ಚು ಮಾಡುವುದಕ್ಕಿಂತ ಕೊಡತಿಯೇ ಅಗ್ಗ ಎಂಬುದು ಈ ಹಳೆಯ ಬ್ಯಾಂಕ್ ಗುಮಾಸ್ತನ ಲೆಕ್ಕ.

ಅಣ್ಣಂದಿರು ಓದುತ್ತಿದ್ದರೆ ಅವರಿಗೊಂದು ಮಾತು. ಮನೆಯಲ್ಲಿ ಕಟ್ಟಿದ ಕಾರನ್ನು ಹಾಗೆಯೇ ರಸ್ತೆಗೆ ಇಳಿಸುವಂತಿಲ್ಲ. ನೋಂದಣಿಯಾಗದ ವಾಹನ ಸಾರ್ವಜನಿಕ ರಸ್ತೆಯಲ್ಲಿ ಓಡುವುದು ಅಪರಾಧ. ನಮ್ಮ ಹುಡುಗನಿಗೂ ಇದು ಗೊತ್ತು. ಸದ್ಯಕ್ಕೆ ಅವನ ಕಾರು ಓಡುವುದು ಅವರದೇ ಹೊಲದ ಬಯಲಿನಲ್ಲಿ, ಹೆಲ್ಮೆಟ್ ಹಾಕಿಕೊಂಡು. ಮುಂದಿನ ಎರಡು ಮಡ್‌ಗಾರ್ಡ್ ಕೂತಿವೆ, ಹಿಂದಿನವು ಬಾಕಿ.

ಈಗ ನಿಮ್ಮ ಕೆಲಸ. ತಾತನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಾದರೆ ಒಳ್ಳೆಯದು. ಮುಂದಿನ ಟೈರಿಗೆ ಸ್ವಲ್ಪ ನೀರು ಹಾಕಿ, ದೊಡ್ಡವರು ಕೈಯಿಂದ ಗಾಲಿ ತಿರುಗಿಸಲಿ. ಬೆರಳು ಕಡ್ಡಿಗಳ ಹತ್ತಿರ ಹೋಗಬಾರದು. ಗಾಲಿಯ ಎದುರಿಗೊಂದು ಹಳೆಯ ಪತ್ರಿಕೆ ಹಿಡಿದು, ಹನಿಗಳು ಎಲ್ಲಿಂದ ಬಿಟ್ಟು ಎತ್ತ ಹಾರುತ್ತವೆ ಎಂದು ಗುರುತು ಹಾಕಿ. ಮೆಲ್ಲಗೆ ತಿರುಗಿಸಿದಾಗ ಎಷ್ಟು, ಜೋರಾಗಿ ತಿರುಗಿಸಿದಾಗ ಎಷ್ಟು? ಚಿತ್ರ ಬರೆದು ಕಳುಹಿಸಿ. ತಾತನ ಬಟ್ಟೆ ಎಷ್ಟು ಒದ್ದೆಯಾಯಿತು ಎಂಬುದನ್ನೂ ಮರೆಯದೆ ಬರೆಯಿರಿ.