ಸದ್ದಿಗೆ ಲಕ್ಷ ರೂಪಾಯಿ

1/8
ಭಾನುವಾರ ಬೆಳಗ್ಗೆ, ನಂದಿ ಬೆಟ್ಟದ ಬುಡ. ಟೀ ಅಂಗಡಿ ಮುಂದೆ ಸಾಲಾಗಿ ಒರಗಿಸಿಟ್ಟ ಸೈಕಲ್‌ಗಳು. ಗುಂಪಿಗೆ ಹೊಸದಾಗಿ ಬಂದ ಹುಡುಗನೊಬ್ಬ, ಮೊದಲ ಕೆಲಸ, ಮೊದಲ ರೋಡ್ ಬೈಕ್. ಅವನ ಸೈಕಲ್ ಕಡೆ ನೋಡಿ ಸೀನಿಯರ್ ಒಬ್ಬರು ಕೇಳ್ತಾರೆ: "ಏನ್ ಗುರು, ಇನ್ನೂ ಅಲಾಯ್ ವೀಲಾ?" ಎಲ್ಲರೂ ನಗ್ತಾರೆ. ಅವನೂ ನಗ್ತಾನೆ. ಮನೆಗೆ ಹೋಗಿ ಇಎಂಐ ಲೆಕ್ಕ ಹಾಕ್ತಾನೆ.

ನನ್ನ ಜಗಳ ಇರೋದು ಆ ಪ್ರಶ್ನೆ ಜೊತೆ. ಕಾರ್ಬನ್ ವೀಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ನನ್ನ ಹತ್ರಾನೂ ಒಂದು ಜೊತೆ ಇದೆ. ಆದರೆ ಅದು ಕೊನೆಯಲ್ಲಿ ಕೊಳ್ಳಬೇಕಾದ ವಸ್ತು. ನಮ್ಮ ಗುಂಪುಗಳು ಅದನ್ನ ಮೊದಲು ಕೊಳ್ಳೋ ವಸ್ತು ಮಾಡಿಬಿಟ್ಟಿವೆ. ಕೊಂಡ ಮೇಲೆ ನೋಡ್ಕೊಳ್ಳೋದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲ್ಲ.

2/8
ಮೊದಲು ಲೆಕ್ಕ. ಗಾಳಿಯನ್ನ ಸೀಳಿಕೊಂಡು ಹೋಗೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ಇದೇ ಲೆಕ್ಕ ಇಳಿಯುವಾಗಲೂ ನಡೆಯುತ್ತೆ, ಅದನ್ನ ಜಾಹೀರಾತು ಹೇಳಲ್ಲ.

ಒಂದು ಜೊತೆ ಚಕ್ರ ಗಂಟೆಗೆ 45 ಕಿ.ಮೀ. ವೇಗದಲ್ಲಿ 10 ವ್ಯಾಟ್ ಉಳಿಸುತ್ತೆ ಅಂತಿಟ್ಕೊಳ್ಳಿ. ಅದೇ ಚಕ್ರ 25 ಕಿ.ಮೀ. ವೇಗದಲ್ಲಿ ಉಳಿಸೋದು ಎರಡು ವ್ಯಾಟ್‌ಗಿಂತ ಕಡಿಮೆ. ನಂದಿ ಹತ್ತುವಾಗ 12ರಲ್ಲಿ ಹೋಗ್ತಿದ್ದರೆ? ಕೇಳಲೇಬೇಡಿ. ಇನ್ನೊಬ್ಬರ ಹಿಂದೆ ಗಾಳಿ ಮರೆಯಲ್ಲಿ ಹೋಗ್ತಿದ್ದರೆ ಇನ್ನೂ ಕಡಿಮೆ.

"ನಿಧಾನ ಹೋಗೋರು ರಸ್ತೆಯಲ್ಲಿ ಹೆಚ್ಚು ಹೊತ್ತು ಇರ್ತಾರೆ, ಅವರಿಗೇ ಹೆಚ್ಚು ಸೆಕೆಂಡ್ ಉಳಿಯುತ್ತೆ" ಅನ್ನೋ ವಾದ ಇದೆ. ಸುಳ್ಳೇನಲ್ಲ. ಆದರೆ 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷ ಅವಧಿ ಇದೆ. ಅದರಲ್ಲಿ ಇಡ್ಲಿಗೆ ಅಂತ ಅರ್ಧ ಗಂಟೆ ಕೂತವರಿಗೆ ಆ ಸೆಕೆಂಡುಗಳು ಯಾಕೆ?

3/8
ಹಾಗಾದರೆ ಮೊದಲು ಏನು ಕೊಳ್ಳಬೇಕು? ಟೈರು.

ರಸ್ತೆಯ ಮೇಲೆ ಟೈರು ಉರುಳುವಾಗ ಹಾಳಾಗೋ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಅಲ್ಲ, ವೇಗಕ್ಕೆ ತಕ್ಕಂತೆ ನೇರವಾಗಿ ಏರಿಳಿಯುತ್ತೆ. ಅಂದ್ರೆ ಒಳ್ಳೆ ಟೈರಿನ ಲಾಭ 25ರಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತೆ. ಸೈಕಲ್ ಜೊತೆ ಬಂದ ಗಟ್ಟಿ ಟೈರಿಗೂ ಒಳ್ಳೆ ರೇಸ್ ಟೈರಿಗೂ ಜೋಡಿಗೆ 10 ವ್ಯಾಟ್ ವ್ಯತ್ಯಾಸ ಬರೋದು ಅಪರೂಪವೇನಲ್ಲ. ಬೆಲೆ ಚಕ್ರದ ಹತ್ತರಲ್ಲಿ ಒಂದು ಭಾಗ.

ಎರಡನೇದು, ನೀವು. ಗಾಳಿ ಹೆಚ್ಚಾಗಿ ತಡೆಯೋದು ಸೈಕಲ್‌ನಲ್ಲ, ಅದರ ಮೇಲೆ ಕೂತವರನ್ನ. ಮೊಣಕೈ ಮಡಚಿ ಕೆಳಗೆ ಕೂರೋದು ಪುಕ್ಕಟೆ. ಪಟಪಟ ಅನ್ನೋ ಸಡಿಲ ಜರ್ಸಿ ಬದಲು ಮೈಗೆ ಅಂಟೋ ಜರ್ಸಿ ಕೆಲವೇ ಸಾವಿರ. ಇವೆರಡನ್ನೂ ಬಿಟ್ಟು ಚಕ್ರಕ್ಕೆ ಲಕ್ಷ ಸುರಿಯೋದು, ಸೋರೋ ಮನೆಗೆ ಬಣ್ಣ ಹೊಡೆಸಿದ ಹಾಗೆ.

4/8
ಇಷ್ಟೂ ಆಯ್ತು, ರೇಸ್ ಮಾಡ್ತೀನಿ, ದುಡ್ಡಿದೆ ಅಂತೀರಾ? ಸರಿ, ಕೊಳ್ಳಿ. ಆದರೆ ಹೀಗೆ ಆರಿಸಿ.

ಆಳ: ಆಷಾಢದಲ್ಲಿ ಚಿತ್ರದುರ್ಗದ ಕಡೆ ಹೋಗಿದ್ದೀರಾ? ಗುಡ್ಡದ ಮೇಲಿನ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಳವಾದ ಮುಂದಿನ ಚಕ್ರಕ್ಕೆ ಅಡ್ಡಗಾಳಿ ಹೊಡೆದರೆ ಹ್ಯಾಂಡಲ್ಲೇ ತಿರುಗುತ್ತೆ, ಪಕ್ಕದಲ್ಲಿ ಲಾರಿ ಹಾದಾಗ ಇನ್ನೂ ಕಷ್ಟ. ಅರುವತ್ತು ಕೆ.ಜಿ. ತೂಗೋರಿಗೆ 35ರಿಂದ 45 ಮಿ.ಮೀ. ಧಾರಾಳ. ಯುಸಿಐ ಕೂಡ 2026ರ ಜನವರಿಯಿಂದ ರೋಡ್ ರೇಸ್‌ಗಳಲ್ಲಿ ರಿಮ್ ಆಳಕ್ಕೆ 65 ಮಿ.ಮೀ. ಮಿತಿ ಹಾಕಿದೆ.

ಅಗಲ: ರಿಮ್ಮಿನ ಹೊರ ಅಗಲ ಟೈರಿನ ಅಗಲದ ಶೇ. 105 ಇರಬೇಕು ಅನ್ನೋದು ಹಳೇ ಸೂತ್ರ. 28ರ ಟೈರಿಗೆ ಸುಮಾರು 29.5 ಮಿ.ಮೀ. ರಿಮ್. ಕಿರಿದಾದ ರಿಮ್ಮಿಗೆ ಉಬ್ಬಿದ ಟೈರು ಹಾಕಿದರೆ ಕೊಟ್ಟ ದುಡ್ಡಿನ ಲಾಭ ಗಾಳಿಗೇ ಹೋಗುತ್ತೆ.

ಹುಕ್: ಟೈರಿನ ಅಂಚನ್ನ ಹಿಡಿಯೋ ಕೊಕ್ಕೆ ಇಲ್ಲದ ರಿಮ್‌ಗಳನ್ನ ಹುಕ್‌ಲೆಸ್ ಅಂತಾರೆ. ಅವುಗಳಿಗೆ ಗರಿಷ್ಠ ಒತ್ತಡ 5 ಬಾರ್, ಅಂದ್ರೆ ಸುಮಾರು 72 ಪಿಎಸ್‌ಐ. ಅದಕ್ಕಂತಲೇ ಒಪ್ಪಿಗೆ ಪಡೆದ ಟ್ಯೂಬ್‌ಲೆಸ್ ಟೈರೇ ಆಗಬೇಕು. ನಮ್ಮಲ್ಲಿ ಎಷ್ಟು ಜನ ಇನ್ನೂ ಅಭ್ಯಾಸಬಲದಿಂದ 100 ಹೊಡೀತಾರೆ ಗೊತ್ತಲ್ವಾ? 2024ರ ಫೆಬ್ರವರಿಯಲ್ಲಿ ಯುಎಇ ಟೂರ್‌ನಲ್ಲಿ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ಇಂಥದೇ ರಿಮ್ಮಿಂದ ಕಳಚಿಕೊಂಡಿತ್ತು. ಅವರ ಹಿಂದೆ ಮೆಕ್ಯಾನಿಕ್ ಕಾರಿತ್ತು. ನಮ್ಮ ಹಿಂದೆ ಬಿಎಂಟಿಸಿ ಬಸ್ ಇರುತ್ತೆ.

5/8
ಈಗ ನನ್ನ ತಪ್ಪು. ರಿಮ್ ಬ್ರೇಕ್ ಇದ್ದ ಹಳೇ ಸೈಕಲ್‌ಗೆ 50 ಮಿ.ಮೀ. ಕಾರ್ಬನ್ ಚಕ್ರ ಹಾಕಿದ್ದೆ. ಸೆಕೆಂಡ್ ಹ್ಯಾಂಡ್, ಅಗ್ಗ, ಯಾರ ಹೆಸರೂ ಇರಲಿಲ್ಲ. ನಂದಿಯಿಂದ ಇಳೀತಿದ್ದೆ, ಎದುರಿಗೆ ಕಾರುಗಳ ಸಾಲು, ಭಯಕ್ಕೆ ಬ್ರೇಕ್ ಬಿಡಲೇ ಇಲ್ಲ. ಕೊನೇ ತಿರುವುಗಳ ಹತ್ತಿರ ಢಂ ಅಂತ ಟ್ಯೂಬ್ ಒಡೀತು. ಚರಂಡಿ ಪಕ್ಕದ ಮಣ್ಣಿಗೆ ಬಿದ್ದೆ, ಮೊಣಕೈ ಚರ್ಮ ಹೋಯ್ತು, ಅಷ್ಟೇ. ಪುಣ್ಯ. ರಿಮ್ಮಿನ ಅಂಚು ಹಪ್ಪಳದ ಥರ ಉಬ್ಬಿತ್ತು.

ಯಾಕೆ ಹಾಗಾಯ್ತು? ಸೈಕಲ್ ಸೇರಿ 80 ಕೆ.ಜಿ. ತೂಕ 400 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗೋ ಶಕ್ತಿ, ಒಂದು ಲೀಟರ್ ನೀರನ್ನ ಕುದಿಯೋ ಹಂತಕ್ಕೆ ತರುವಷ್ಟು. ಒಂದು ಪಾಲು ಗಾಳಿಗೆ ಹೋಗುತ್ತೆ, ಉಳಿದದ್ದು ಬ್ರೇಕ್‌ಗೆ. ಅಲ್ಯೂಮಿನಿಯಂ ಬಿಸಿಯನ್ನ ಬೇಗ ಹರಡುತ್ತೆ. ಕಾರ್ಬನ್ ಹರಡಲ್ಲ, ಬಿಸಿ ಒಂದೇ ಕಡೆ ನಿಲ್ಲುತ್ತೆ, ನಾರನ್ನ ಹಿಡಿದಿಟ್ಟ ರೆಸಿನ್ ಮೆತ್ತಗಾಗುತ್ತೆ, ಒಳಗಿನ ಗಾಳಿ ಅಂಚನ್ನ ಹೊರಕ್ಕೆ ತಳ್ಳುತ್ತೆ.

ಹಾಗಾಗಿ ಡಿಸ್ಕ್ ಬ್ರೇಕ್ ಇಲ್ಲದಿದ್ದರೆ, ಬೆಟ್ಟ ಇಳಿಯೋರಾದರೆ, ಅಲಾಯ್ ರಿಮ್ಮೇ ಸಾಕು. ನಾಚಿಕೆ ಬೇಡ.

6/8
ಇದ್ದವರು ಹೀಗೆ ನೋಡ್ಕೊಳ್ಳಿ. ಸೇವ್ ಮಾಡಿಟ್ಕೊಳ್ಳಿ.

• ರಿಮ್ ಬ್ರೇಕ್ ಇದ್ದರೆ ಕಾರ್ಬನ್‌ಗೆ ಅಂತಲೇ ಇರೋ ಪ್ಯಾಡ್ ಮಾತ್ರ. ಅಲಾಯ್ ಮೇಲೆ ಓಡಿದ ಪ್ಯಾಡ್ ಬೇಡ, ಅದರಲ್ಲಿ ಕೂತ ಲೋಹದ ಚೂರು ರಿಮ್ಮನ್ನ ಕೆರೆಯುತ್ತೆ.
• ಇಳಿಜಾರಲ್ಲಿ ಬ್ರೇಕ್ ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಬಿಡಿ.
• ಗುಂಡಿಗೆ ಜೋರಾಗಿ ಬಿದ್ದಿರಾ? ಮನೆಗೆ ಬಂದು ಟೈರು ಬಿಚ್ಚಿ ನೋಡಿ. ಅಲಾಯ್ ಆದರೆ ನೆಗ್ಗಿ ತೋರಿಸುತ್ತೆ. ಕಾರ್ಬನ್ ಸುಮ್ಮನಿದ್ದು ಇನ್ನೊಂದು ದಿನ ಕೈ ಕೊಡಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರು ಆಡಿಸಿ, ಕಡ್ಡಿ ಕೂರೋ ತೂತುಗಳ ಸುತ್ತ ಬಿರುಕು ಹುಡುಕಿ. ನಾಣ್ಯದಿಂದ ತಟ್ಟಿ, ಒಂದು ಕಡೆ ಸದ್ದು ಮಂಕಾಗಿದ್ದರೆ ಓಡಿಸಬೇಡಿ, ತಿಳಿದವರಿಗೆ ತೋರಿಸಿ.
• ಟ್ಯೂಬ್‌ಲೆಸ್ ಸೀಲೆಂಟ್ ನಮ್ಮ ಸೆಕೆಗೆ ಬೇಗ ಒಣಗುತ್ತೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ.
• ಮಳೆಗಾಲ ಮುಗಿದ ಮೇಲೆ ಹಬ್ ಬೇರಿಂಗ್ ಪರೀಕ್ಷಿಸಿ. ಪ್ರೆಶರ್ ವಾಶ್ ಬೇಡವೇ ಬೇಡ.

7/8
"ಅದೇ ಫ್ಯಾಕ್ಟರಿ ಮಾಲು, ಸ್ಟಿಕರ್ ಮಾತ್ರ ಬೇರೆ" ಅಂತ ವಾಟ್ಸಾಪ್‌ನಲ್ಲಿ ಬರೋ ಆಫರ್ ಬಗ್ಗೆ. ದೊಡ್ಡ ಬ್ರ್ಯಾಂಡ್ ಅಲ್ಲದ ಚಕ್ರಗಳೆಲ್ಲ ಕೆಟ್ಟವಲ್ಲ, ತಮ್ಮದೇ ಹೆಸರಲ್ಲಿ ಮಾರಿ ವಾರಂಟಿ ಕೊಡೋರಿದ್ದಾರೆ. ಆದರೆ ಬೇರೆಯವರ ಹೆಸರಿನ ಸ್ಟಿಕರ್ ಅಂಟಿಸಿದವನು ರಿಮ್ಮಿನ ಬಗ್ಗೆ ನಿಜ ಹೇಳ್ತಾನಾ?

ಮೂರು ಪ್ರಶ್ನೆ ಕೇಳಿ. ಗರಿಷ್ಠ ಒತ್ತಡ ಎಷ್ಟು? ಗರಿಷ್ಠ ತೂಕ ಎಷ್ಟು? ಕಡ್ಡಿ ಮುರಿದರೆ ಎಲ್ಲಿ ಸಿಗುತ್ತೆ? "ಅದೆಲ್ಲ ಏನೂ ಆಗಲ್ಲ ಸಾರ್" ಅಂತ ಉತ್ತರ ಬಂದರೆ ಎದ್ದು ಬನ್ನಿ.

8/8
ಕೊನೆ ಮಾತು ಸೀನಿಯರ್‌ಗಳಿಗೆ.

ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳು ಎಷ್ಟೋ ಜನ. ಆ ಮಕ್ಕಳಿಗೆ ಮೊದಲು ಸಿಕ್ಕಿದ್ದು ಕಾರ್ಬನ್ ಅಲ್ಲ, ರಸ್ತೆ ಮತ್ತು ಹೇಳಿಕೊಡೋರು. ನಮ್ಮ ಗುಂಪಿಗೆ ಬರೋ ಹುಡುಗನಿಗೆ ನಾವು ಕೊಡಬೇಕಾದ್ದೂ ಅದೇ. ಗುಂಪಲ್ಲಿ ಹೇಗೆ ಓಡಿಸೋದು, ಪಂಚರ್ ಹೇಗೆ ಹಾಕೋದು, ಬೆಟ್ಟ ಹೇಗೆ ಇಳಿಯೋದು.

ಆಳವಾದ ರಿಮ್ಮಿನ ಆ 'ವೂಂ' ಸದ್ದು ಚೆನ್ನಾಗಿರುತ್ತೆ, ಒಪ್ಕೋತೀನಿ. ಅದರ ಮೋಹಕ್ಕೆ ಬಿದ್ದೋನೇ ನಾನು. ಆದರೆ ಆ ಸದ್ದಿಗೋಸ್ಕರ ಒಬ್ಬ ಹುಡುಗ ಎರಡು ವರ್ಷ ಕಂತು ಕಟ್ಟೋ ಹಾಗಿದ್ದರೆ, ಅದರಲ್ಲಿ ನಮ್ಮ ನಗುವಿನ ಪಾಲೂ ಇದೆ.

ಮುಂದಿನ ಭಾನುವಾರ "ಇನ್ನೂ ಅಲಾಯ್ ವೀಲಾ?" ಅಂತ ಕೇಳೋ ಬದಲು "ಟೈರಿಗೆ ಎಷ್ಟು ಗಾಳಿ ಹಾಕಿದ್ಯಾ?" ಅಂತ ಕೇಳಿ. ಅವನಿಗೆ ಉಪಯೋಗ ಆಗೋದು ಆ ಪ್ರಶ್ನೆಯಿಂದ.

ಒಪ್ಪದವರು ಕಾಮೆಂಟಲ್ಲಿ ಬನ್ನಿ. ಲೆಕ್ಕ ತಗೊಂಡು ಬನ್ನಿ.

#ಕನ್ನಡದಲ್ಲಿಸೈಕಲ್ #ನಂದಿಬೆಟ್ಟ #ಕಾರ್ಬನ್‌ವೀಲ್ #ಮೊದಲುಟೈರು