ಘಟ್ಟದವರ ಹಿಂದೆ ನಡೆಯುವ ಒಂದು ಟೂರು

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಜಮಾಅತ್‌ಗಳಲ್ಲಿ, ಯಂಗ್‌ಮೆನ್ಸ್‌ಗಳಲ್ಲಿ, ಕುಟುಂಬದ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಟೂರಿನ ಮಾತು ಶುರುವಾಗುತ್ತದೆ. ಐವತ್ತು ಸೀಟಿನ ಬಸ್ಸು, ಹಿಂದಿನ ಸೀಟಿನಲ್ಲಿ ಬಿರಿಯಾನಿಯ ಚೆಂಬು, ಊಟಿ ಅಥವಾ ಮುನ್ನಾರ್, ದಾರಿಯಲ್ಲಿ ಒಂದೆರಡು ಕಡೆ ಝಿಯಾರತ್. ತಪ್ಪೇನಿಲ್ಲ, ಮಕ್ಕಳು ಖುಷಿಪಡುತ್ತಾರೆ. ಆದರೆ ಈ ಸಲ ಬೇರೆಯದೇ ಒಂದು ಟೂರಿನ ಬಗ್ಗೆ ಹೇಳಬೇಕೆಂದಿದ್ದೇನೆ. ಎಂಟು ಜನ, ಅವರ ಮುಂದೆ ಒಬ್ಬ ಊರಿನ ಮಾರ್ಗದರ್ಶಿ, ಎರಡು ಮೂರು ದಿನದ ನಡಿಗೆ. ಜಾಗ ಯಾವುದು ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಯಲು.

"ಅಲ್ಲಿ ಎಂಥ ಉಂಟು ಮಾರಾಯ್ರೆ, ಕಲ್ಲು ಮತ್ತು ಬಿಸಿಲು ಬಿಟ್ಟು?" ಎಂದು ಕೇಳುವವರೇ ಹೆಚ್ಚು.

ಕೇಳುವವರಲ್ಲಿ ಆ ಕಡೆಗೆ ಹೋಗಿ ಬಂದವರೂ ಇದ್ದಾರೆ ಎಂಬುದೇ ವಿಚಿತ್ರ. ಹಳೆಯ ರಾಷ್ಟ್ರೀಯ ಹೆದ್ದಾರಿ 13 ಸೊಲ್ಲಾಪುರದಿಂದ ಹೊರಟು ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಶಿವಮೊಗ್ಗ ದಾಟಿ ನಮ್ಮ ಮಂಗಳೂರಿಗೇ ಬಂದು ಮುಗಿಯುತ್ತಿತ್ತು. ಅದಿರಿನ ಕಾಲದಲ್ಲಿ ಹೊಸಪೇಟೆ, ಸಂಡೂರು ಕಡೆಯಿಂದ ನವಮಂಗಳೂರು ಬಂದರಿಗೆ ಸಾಲುಸಾಲು ಲಾರಿ ಬರುತ್ತಿದ್ದಾಗ ಸ್ಟಿಯರಿಂಗ್ ಹಿಂದೆ ನಮ್ಮ ಹುಡುಗರೂ ಇದ್ದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ ನಾವು ಆ ಸೀಮೆಯಲ್ಲಿ ಕಂಡದ್ದು ಡಾಬಾ, ಪಂಕ್ಚರ್ ಅಂಗಡಿ, ಚೆಕ್‌ಪೋಸ್ಟ್. ರಸ್ತೆಯಿಂದ ನೂರು ಮೀಟರ್ ಒಳಗೆ ಕಾಲಿಟ್ಟವರು ಎಷ್ಟು ಮಂದಿ?

ಆ ಸೀಮೆಯ ಜನ ಮಾತ್ರ ನಮ್ಮಲ್ಲಿಗೆ ಬಂದಿದ್ದಾರೆ. ಬೆಳಗ್ಗೆ ಏಳು ಗಂಟೆಗೆ ಮಂಗಳೂರಿನ ಯಾವುದೇ ಜಂಕ್ಷನ್‌ನಲ್ಲಿ ನೋಡಿ, ಬುತ್ತಿಯ ಚೀಲ ಹಿಡಿದು ಕೆಲಸಕ್ಕೆ ಕಾದು ನಿಂತವರಲ್ಲಿ ಬಯಲುಸೀಮೆಯವರು ಎಷ್ಟೊಂದು ಮಂದಿ. ನಮ್ಮ ಮನೆಗಳ ಕೆಂಪುಕಲ್ಲು ಹೊತ್ತದ್ದು, ಬಾವಿ ತೋಡಿದ್ದು, ಮಸೀದಿಯ ಸ್ಲ್ಯಾಬಿಗೆ ಕಾಂಕ್ರೀಟ್ ಎತ್ತಿ ಕೊಟ್ಟದ್ದು ಅವರ ಕೈಗಳೇ. ಅವರಿಗೆ ನಾವಿಟ್ಟ ಹೆಸರು ಒಂದೇ, "ಘಟ್ಟದವರು". ಊರು ಯಾವುದೆಂದು ಕೇಳುವುದಿಲ್ಲ, ಕೇಳಿದರೂ ನೆನಪಿಡುವುದಿಲ್ಲ. ಅವರನ್ನು ಕರೆಯುವಾಗ ನಮ್ಮ ದನಿಯಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತುಂಟು. ನಾನು ಹೇಳುವ ಟೂರಿನ ಮುಖ್ಯ ಲಾಭ ಇಲ್ಲೇ ಇರುವುದು. ಅಲ್ಲಿ ಅವನು ಮುಂದೆ ನಡೆಯುತ್ತಾನೆ, ನಾವು ಹಿಂದೆ. ಅವನು ನಿಲ್ಲು ಎಂದರೆ ನಿಲ್ಲಬೇಕು.

ನಿಲ್ಲದಿದ್ದರೆ ಏನಾದೀತು ಎಂಬುದಕ್ಕೆ ಕರಡಿಯ ಉದಾಹರಣೆ ಸಾಕು. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಸುತ್ತಲಿನ ಬಂಡೆಗುಡ್ಡಗಳನ್ನು 2013ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಅದಕ್ಕೂ ಮೊದಲು, 1994ರಲ್ಲಿ, ಉತ್ತರಕ್ಕೆ ದರೋಜಿಯ ಕರಡಿಧಾಮ ಆಗಿತ್ತು. ಕರಡಿ ಹಗಲಿನಲ್ಲಿ ಬಂಡೆಯ ಗವಿಗಳಲ್ಲಿ ಮಲಗಿ, ಸಂಜೆಯಾದ ಮೇಲೆ ಗೆದ್ದಲು, ಇರುವೆ, ಬಾರೆಹಣ್ಣು, ಜೇನು ಹುಡುಕಿ ಹೊರಡುತ್ತದೆ. ಮೂಗು ಬಹಳ ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಹಾಗಾಗಿ ನಾವು ಸದ್ದಿಲ್ಲದೆ ಹತ್ತಿರ ಹೋಗಿಬಿಟ್ಟರೆ ಅದು ಗಾಬರಿಯಾಗಿ ಮೈಮೇಲೆ ಬೀಳುತ್ತದೆ, ಮುಖ ತಲೆಗೇ ಉಗುರು ಹಾಕುತ್ತದೆ. ನಸುಕಿಗೆ ಹೊಲಕ್ಕೆ ಹೋಗುವ ರೈತರಿಗೆ ಇದು ದಿನದ ಭಯ. ಅಗೆದ ಹುತ್ತ ನಿನ್ನೆಯದೋ ಇವತ್ತಿನದೋ, ಹಿಕ್ಕೆಯಲ್ಲಿ ಬಾರೆಬೀಜ ಉಂಟೋ, ಗಾಳಿ ಯಾವ ಕಡೆಯಿಂದ ಬರುತ್ತದೆ, ಎಲ್ಲಿ ಜೋರಾಗಿ ಮಾತಾಡುತ್ತ ನಡೆಯಬೇಕು, ಎಲ್ಲಿ ದಾರಿ ಬದಲಿಸಬೇಕು, ಇದೆಲ್ಲ ಅಲ್ಲಿ ಕುರಿ ಮೇಯಿಸಿ ಬೆಳೆದವನಿಗೆ ಗೊತ್ತು. ಗೂಗಲ್ ಮ್ಯಾಪಿಗೆ ಗೊತ್ತಿಲ್ಲ. ನಮ್ಮ ಹುಡುಗರಿಗಂತೂ ಗೊತ್ತಿಲ್ಲ.

ಎಂಟೇ ಜನ ಯಾಕೆ ಅಂತ ಕೇಳಬಹುದು. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ, ಸುಬ್ರಹ್ಮಣ್ಯದ ಕುಮಾರಪರ್ವತ ಸಾಕು. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಸಾವಿರಾರು ಜನ ಒಟ್ಟಿಗೆ ಹತ್ತಲು ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತು. ಆಮೇಲೆ ಸರಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಬಯಲಿನ ಕುರುಚಲು ಕಾಡಿಗೆ 300 ಕೂಡ ಬಹಳವೇ ಹೆಚ್ಚು. ಎಂಟು ಜನರಾದರೆ ಮಾರ್ಗದರ್ಶಿಯ ಮಾತು ಕೊನೆಯವನಿಗೂ ಕೇಳಿಸುತ್ತದೆ. ಹಿಂದೆ ಉಳಿದವನು ಯಾರೆಂದು ತಕ್ಷಣ ಗೊತ್ತಾಗುತ್ತದೆ. ಐವತ್ತು ಜನರಾದರೆ ಯಾರಾದರೂ ಬ್ಲೂಟೂತ್ ಸ್ಪೀಕರ್ ತಂದೇ ತರುತ್ತಾರೆ.

ಇಂಥ ನಡಿಗೆ ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಯಲ್ಲಿ ದೊಡ್ಡ ಉದ್ಯೋಗವೇ ಆಗಿದೆ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಹೋಗುವ ಲಾರಪಿಂಟ ಕಾಲುದಾರಿ 220 ಕಿ.ಮೀ.ಗೂ ಉದ್ದ, ಅಲ್ಲಿ ಸಣ್ಣ ಗುಂಪುಗಳನ್ನು ಮಾರ್ಗದರ್ಶಿಗಳು ದಿನಗಟ್ಟಲೆ ನಡೆಸುತ್ತಾರೆ. ನಮಗೆ ಹೆಚ್ಚು ಆಪ್ತವಾಗುವ ಸಂಗತಿ ಬೇರೆ. ಆ ಮರುಭೂಮಿಯಲ್ಲಿ ಬಿಳಿಯರ ಶೋಧಕ ತಂಡಗಳ ಒಂಟೆಗಳನ್ನು ನಡೆಸಿದವರು ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್ ಕಡೆಯ ಮುಸ್ಲಿಮರು. 1860ರಿಂದ ಸುಮಾರು ಅರವತ್ತು ವರ್ಷ ಒಳನಾಡಿನ ಸಾಮಾನು ಸಾಗಿದ್ದು ಅವರ ಒಂಟೆಗಳ ಬೆನ್ನ ಮೇಲೆ. ಮರ್ರಿ ಎಂಬಲ್ಲಿ ಮಣ್ಣಿನ ಗೋಡೆಯ ಮಸೀದಿ ಕಟ್ಟಿಕೊಂಡು ನಮಾಝ್ ಮಾಡಿದರು. 1873ರಲ್ಲಿ ವಿಲಿಯಂ ಗಾಸ್ ಉಲುರು ಬಂಡೆ ಹತ್ತಿದಾಗ ಜೊತೆಗಿದ್ದವನು ಕಮ್ರಾನ್ ಎಂಬ ಒಂಟೆಗಾರ. ಪಠ್ಯಪುಸ್ತಕಗಳು ಗಾಸ್‌ನನ್ನು ನೆನಪಿಟ್ಟವು, ಕಮ್ರಾನ್‌ನನ್ನು ಮರೆತವು. ಕಲ್ಲು ಹೊತ್ತವನ ಹೆಸರು ನಮಗೂ ಮರೆತು ಹೋಗುತ್ತದಲ್ಲ, ಹಾಗೇ. ಆ ಬಂಡೆ ಅನಂಗು ಜನಾಂಗಕ್ಕೆ ಪವಿತ್ರ. ಹತ್ತಬೇಡಿ ಎಂಬ ಅವರ ಮಾತಿಗೆ ಬೆಲೆ ಬಂದದ್ದು 2019ರಲ್ಲಿ. ಈಗ ಅದರ ಬುಡದ ಸುತ್ತ ನಡೆಯಬಹುದು, ಹತ್ತುವಂತಿಲ್ಲ.

ನಮ್ಮವರ ಮುಂದಿನ ಪ್ರಶ್ನೆ ನಮಾಝಿನದ್ದು, ನೀರಿನದ್ದು. ಮಂಗಳೂರಿನಿಂದ ಮುನ್ನೂರು ಕಿ.ಮೀ. ಮೀರಿದ ದೂರ, ಮುಸಾಫಿರನಿಗೆ ಕಸ್ರ್, ಜಮ್‌ಅ್ ಇದ್ದೇ ಇದೆ. ನೀರಿನ ವಿಷಯದಲ್ಲಿ ಮಾತ್ರ ನಮ್ಮ ಕರಾವಳಿ ಅಭ್ಯಾಸ ಬದಲಾಗಬೇಕು. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ, ಅಲ್ಲಿ ಆರುನೂರರ ಆಸುಪಾಸು. ನಳ್ಳಿ ಪೂರ್ತಿ ತಿರುಗಿಸಿ ವುಝೂ ಮಾಡುವವರು ಅಲ್ಲಿ ಒಂದು ಮನೆಯ ಕೊಡ ಖಾಲಿ ಮಾಡಿಬಿಟ್ಟಾರು. ಕೈಯಲ್ಲಿರುವ ನೀರು ಕುಡಿಯಲಿಕ್ಕೇ ಬೇಕೆಂದಾದರೆ ತಯಮ್ಮುಮ್‌ಗೆ ಅನುಮತಿಯುಂಟು. ವಕ್ತ್ ಆದ ಮೇಲೆ, ಧೂಳಿರುವ ಶುದ್ಧ ಮಣ್ಣಿನಿಂದ. ಮದ್ರಸದಲ್ಲಿ ಬಾಯಿಪಾಠ ಮಾಡಿದ ಈ ಪಾಠವನ್ನು ನಮ್ಮ ಮಕ್ಕಳು ಒಮ್ಮೆಯೂ ಪ್ರಯೋಗಿಸಿ ನೋಡಿಲ್ಲ, ಯಾಕೆಂದರೆ ನಮ್ಮೂರಲ್ಲಿ ನೀರಿಲ್ಲದ ಜಾಗವೇ ಇಲ್ಲ. ಹೊರಡುವ ಮೊದಲು ಉಸ್ತಾದರನ್ನು ಒಮ್ಮೆ ಕೇಳಿಕೊಂಡರೆ ಆಯಿತು. ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಮಾಡಿಕೊಳ್ಳಿ ಎಂಬ ಹದೀಸ್ ಇದೆಯಲ್ಲ, ಕಾಡಿನ ವಿಷಯದಲ್ಲಿ ಆ ಅಮೀರನೂ ಮಾರ್ಗದರ್ಶಿಯ ಮಾತು ಕೇಳಲಿ.

ಇನ್ನು ಹೆಂಗಸರು. ಎರಡು ಕುಟುಂಬ ಸೇರಿದರೆ ಎಂಟು ಜನ ಆಗುತ್ತದೆ, ಉಮ್ಮ, ಹೆಂಡತಿ, ಹೆಣ್ಣುಮಕ್ಕಳು ಸೇರಿ. ಬಸ್ ಟೂರಿನಲ್ಲಿ ಅವರಿಗೆ ಸಿಗುವುದು ಕಿಟಕಿ, ಮತ್ತೆ ಇಳಿದಲ್ಲೆಲ್ಲ ಮಕ್ಕಳನ್ನು ಹಿಡಿಯುವ ಕೆಲಸ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯಲಿಕ್ಕೆ ಯಾವ ಸಾಹಸವೂ ಬೇಡ. ನೀರಾವರಿಗೆಂದು ಕಟ್ಟಿದ ಕೆರೆ ಅದು, ನೂರು ಹೆಕ್ಟೇರಿಗೆ ಸ್ವಲ್ಪ ಕಮ್ಮಿ. ನೀರಲ್ಲಿ ನಿಂತ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಹಾವಕ್ಕಿಗಳ ಗೂಡು. 2024ರಲ್ಲಿ ಅದು ರಾಮ್ಸರ್ ಪಟ್ಟಿ ಸೇರಿದೆ. ಹಡಗಲಿಯ ಮಲ್ಲಿಗೆ ತೋಟಗಳಿಗೆ ಹೋದರೆ ನಮ್ಮ ಶಂಕರಪುರ ಮಲ್ಲಿಗೆ ನೋಡಿದ ಹೆಂಗಸರು ದರ, ಗೊಬ್ಬರ, ಕೊಯ್ಲಿನ ಹೊತ್ತು ಎಲ್ಲ ವಿಚಾರಿಸದೆ ಬರುವವರಲ್ಲ. ಆ ಮಾತುಕತೆಗೆ ಮಾರ್ಗದರ್ಶಿಯೂ ಬೇಡ.

ಗುಡೇಕೋಟೆಯ ಕೋಟೆ ಹತ್ತಿದರೆ ಒನಕೆ ಓಬವ್ವನ ಕತೆ ಬಂದೇ ಬರುತ್ತದೆ. ಅದು ಅವಳ ತವರೂರು ಎನ್ನುವವರಿದ್ದಾರೆ. ಕತೆಯಲ್ಲಿ ಒನಕೆ ಏಟು ತಿಂದವರು ಹೈದರಾಲಿಯ ಸೈನಿಕರು. ನಮ್ಮ ಕೆಲವು ಹುಡುಗರ ಮುಖ ಗಂಟಿಕ್ಕಬಹುದು. ಗಂಟಿಕ್ಕಬೇಕಾಗಿಲ್ಲ, ಪೂರ್ತಿ ಕೇಳಿ. ಊರು ಕಾದ ಒಬ್ಬ ಬಡ ಹೆಂಗಸಿನ ಕತೆ ಅದು. ಆ ಊರಿನವರ ಬಾಯಿಂದಲೇ ಕೇಳಿದರೆ ಟಿವಿ ಚರ್ಚೆಯ ವಿಷ ಅದರಲ್ಲಿ ಇರುವುದಿಲ್ಲ.

ಕರಡಿಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಉಂಟು. ಒಳಗೆ ಬಿಡದಿದ್ದರೆ ಜಗಳ ಬೇಡ. ಕೋಟೆಗಳು, ಕೆರೆಗಳು, ಹರಪನಹಳ್ಳಿ ಕಡೆಯ ಉಚ್ಚಂಗಿದುರ್ಗ, ಬಾಗಳಿಯ ಕಲ್ಲೇಶ್ವರ ಗುಡಿ, ಹೊರಗೆ ನಡೆಯಲಿಕ್ಕೆ ಬೇಕಾದಷ್ಟು ದಾರಿ ಇದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಹೋಗಿ. ಮಾರ್ಚ್ ನಂತರ ಆ ಬಿಸಿಲು ನಮ್ಮವರಿಗೆ ಆಗುವುದಿಲ್ಲ.

ಮಾರ್ಗದರ್ಶಿಯ ಕೂಲಿ ಹೊರಡುವ ಮೊದಲೇ ಮಾತಾಡಿ, ಚೌಕಾಸಿ ಮಾಡಬೇಡಿ. ಮಂಗಳೂರಿನಲ್ಲಿ ಕಾಂಕ್ರೀಟ್ ಕೆಲಸದವನಿಗೆ ಒಂದು ದಿನಕ್ಕೆ ಎಷ್ಟು ಕೊಡುತ್ತೀರೋ ಅದಕ್ಕಿಂತ ಕಮ್ಮಿ ಕೊಟ್ಟರೆ ಅವನು ನಾಳೆ ಊರು ಬಿಟ್ಟು ಮಂಗಳೂರು ಬಸ್ಸನ್ನೇ ಹತ್ತುತ್ತಾನೆ. ಎಂಟು ಜನರು ಹಂಚಿಕೊಂಡರೆ ಅದು ಒಬ್ಬೊಬ್ಬರಿಗೆ ಒಂದು ಬಿರಿಯಾನಿಯ ಖರ್ಚು. ಹೆಸರು, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ, ಮುಂದಿನ ವರ್ಷ ಇನ್ನೊಂದು ಮನೆಯವರು ಹೊರಟಾಗ ಕೊಡಲಿಕ್ಕೆ ಬೇಕಾಗುತ್ತದೆ.